ಒಂದೇ ಹಸು, ಇಬ್ಬರು ಸೊಸೆಯರು

ನಾರಿನ್‌ನಿಂದ ಕೊಚ್ಕೋರ್‌ಗೆ ಹೊರಟ ಮಿನಿಬಸ್ಸಿನಲ್ಲಿ ಒಂದು ನಿದ್ದೆ ತೆಗೆಯೋಣವೆಂದುಕೊಂಡಿದ್ದಳು ಸೈರಾಗುಲ್. ಮುಂದಿನ ಸೀಟಿನ ವಾರಗಿತ್ತಿಯರು ಬಿಡಲಿಲ್ಲ. ಹಿರಿಯವಳ ತೊಡೆಯ ಮೇಲೆ ದೊಡ್ಡ ಚರ್ಮದ ಕೈಚೀಲ, ಕಿರಿಯವಳ ಮುಷ್ಟಿಯಲ್ಲಿ ಪುಟ್ಟದೊಂದು ಪರ್ಸು.

“ಅಕ್ಕಾ, ಒಂದೇ ಹಸು, ಒಂದೇ ಚರ್ಮ. ನಿನಗೆ ಬೆನ್ನಿಂದು, ನನಗೆ ಬಾಲದ ಬುಡದ್ದು. ಇದ್ಯಾವ ನ್ಯಾಯ?”

“ನಾನು ಹಿರೀ ಸೊಸೆ ಕಣೇ. ಮಾಂಸ ಹಂಚೋವಾಗ್ಲೂ ಒಳ್ಳೇ ತುಂಡು ಹಿರಿಯರಿಗೇ ತಾನೆ?”

“ಅದಾದ್ರೆ ತಿಂದು ಮರೀಬಹುದು. ಇದನ್ನ ದಿನಾ ಹಿಡ್ಕೊಂಡು ಓಡಾಡ್ಬೇಕಲ್ಲ!”

“ಅದಕ್ಕೇ ಹಪ್ಪಳದ ಹಾಗೆ ಒಣಗಿಸಿಟ್ಟಿದ್ದೀಯಾ? ಕುರಿ ಕೊಬ್ಬು ಸವರಿದ್ಯಾ?”

“ಸವರಿದ್ದೆ. ಬೆಕ್ಕು ನೆಕ್ಕಿ ಖಾಲಿ ಮಾಡ್ತು.”

“ನೆಂದಾಗ ಏನ್ಮಾಡ್ದೆ?”

“ಒಲೆ ಮೇಲಿಟ್ಟೆ.”

“ಅಯ್ಯೋ ಪಾಪಿ! ನೆರಳಲ್ಲಿ ಆರಿಸ್ಬೇಕು ಕಣೇ. ಅತ್ತೆ ಕೈಯಾರೆ ಹೊಲಿದಿದ್ದು! ಆ ಹಸು ಸತ್ತಾಗ ಅವರು ಚಹಾನೂ ಮುಟ್ಲಿಲ್ಲ. ಮಾವ ಹೋದಾಗ್ಲಾದ್ರೂ ಕುಡಿದಿದ್ರು.”

“ಈಗ ಕೇಳಿದ್ರೆ ಏನನ್ಲಿ?”

“ಏನೂ ಅನ್ಬೇಡ. ಮುಖ ಸಪ್ಪಗೆ ಮಾಡ್ಕೊಂಡು ನಿಂತ್ಕೋ.”

ಕೊಚ್ಕೋರಿನಲ್ಲಿ ಇಬ್ಬರೂ ಇಳಿದರು. ಸೈರಾಗುಲ್ ಕಿಟಕಿಗೆ ಕತ್ತು ಚಾಚಿದಳು. ರಸ್ತೆ ಬದಿಯಲ್ಲಿ ಕಾದಿದ್ದ ಅತ್ತೆ ಕಿರಿಯವಳತ್ತ ನೋಡಿ ಕಣ್ಣು ತುಂಬಿಕೊಂಡರು.

“ಎಷ್ಟು ಸೊರಗಿಹೋಗಿದ್ದೀಯೇ ನನ್ನ ತಾಯಿ!”

ಕಿರಿಯವಳು ಕರಗಿಹೋದಳು. “ಹೌದತ್ತೆ, ಮನೇಲಿ ಕೆಲಸ ಜಾಸ್ತಿ...”

“ನಿನಗಲ್ಲ ಕಣೇ ಹೇಳಿದ್ದು!” ಎಂದ ಅತ್ತೆ ಪರ್ಸನ್ನು ಕಿತ್ತುಕೊಂಡು ಎದೆಗವಚಿಕೊಂಡು ಮನೆಯತ್ತ ನಡೆದೇಬಿಟ್ಟರು. ಸೊಸೆಯರಿಬ್ಬರೂ ಹಿಂದೆ ಓಡಿದರು.