ಸೇತುವೆ ದಾಟದ ಕಾಗದ

ಅಲ್ಲಲ್ಲ, ನಿಮ್ಮಜ್ಜಿ ಚಿನ್ನದ ಬಳೆ ಆಮೇಲೆ ಹೋಗಿದ್ದು. ಮೊದಲು ಹೋಗಿದ್ದು ಎಮ್ಮೆ. ಎಮ್ಮೆ ಮಾರಿದ ದುಡ್ಡು ಮೈಸೂರಿನ ಪ್ರೆಸ್ಸಿಗೆ ಮುಂಗಡ, ಬಳೆ ಮಾರಿದ್ದು ಪುಸ್ತಕದ ಕಾಗದಕ್ಕೆ. ಹಾಂ, ಈಗ ಸರಿಹೋಯ್ತು. ನಾನಾಗ ಕೊಡಗಲ್ಲಿ, ನೆಲ್ಯಹುದಿಕೇರಿ ಹತ್ರ ಬಿಳಿ ದೊರೆಯ ಕಾಫಿ ಎಸ್ಟೇಟಲ್ಲಿ ರೈಟರು. ರೈಟರು ಅಂದ್ರೆ ಗೊತ್ತಲ್ಲ, ಲೈನಿನ ಸಾಲುಮನೇಲಿರೋ ಕೂಲಿಯೋರ ಹಾಜರಿ, ಕೂಲಿ, ಅಕ್ಕಿ ಎಲ್ಲ ಬರೆಯೋ ಗುಮಾಸ್ತ. ಸಂಜೆ ಹಾಜರಿ ಮುಗಿಸಿ ಬಂದು ಕಾದಂಬರಿ ಬರೀತಿದ್ದೆ. ನಗ್ಬೇಡ್ರೋ, ನಿಜವಾಗ್ಲೂ. ಪಿಕ್ಕಿಂಗಿಗೆ, ಕಾಫಿ ಹಣ್ಣು ಕೀಳಕ್ಕೆ ಅಂತ ಬಂದು, ತಿರುಗಿ ಊರಿಗೆ ಹೋಗಕ್ಕಾಗದೆ ಲೈನಲ್ಲೇ ಸತ್ತ ಒಬ್ಬ ಹೆಂಗಸಿನ ಕಥೆ. ಬರೆದಿದ್ದನ್ನ ನಿಮ್ಮಜ್ಜಿಗೆ ಓದಿ ಹೇಳ್ತಿದ್ದೆ. ಅವಳಿಗೆ ಅಕ್ಷರ ಬರ್ತಿರ್ಲಿಲ್ಲ, ಆದ್ರೂ ಅಕ್ಕಿ ಆರಿಸ್ತಾ ಆರಿಸ್ತಾ, "ಅಷ್ಟು ನಯವಾಗಿ ಯಾರೂ ಬೈಯಲ್ಲ, ತೆಗೀರಿ ಅದನ್ನ" ಅನ್ನೋಳು. ನಾನು ತೆಗೀತಿದ್ದೆ.

ಪುಸ್ತಕ ಅಚ್ಚು ಹಾಕಿಸೋರಿಗೆ ಬರೆದು ಕೇಳಿದ್ರೆ, ಲೈನಿನೋರ ಕಥೆ ಯಾರು ಓದ್ತಾರೆ ಅಂದ್ರು. ಹಂಗಾದ್ರೆ ನಾನೇ ಹಾಕಿಸ್ತೀನಿ ಅಂತ ಹಠ ಬಂತು. ಲೆಕ್ಕ ಬರೆಯೋನಲ್ವಾ, ಕೂತು ಲೆಕ್ಕ ಹಾಕ್ದೆ. ಅಕ್ಷರದ ಮೊಳೆ ಜೋಡಿಸೋ ಕೂಲಿ, ಅಚ್ಚಿನ ಕೂಲಿ, ಹೊಲಿಗೆ, ರಟ್ಟು, ಗಾಡಿ ಬಾಡಿಗೆ, ಎತ್ತಿಗೆ ಹುರುಳಿ ಸಮೇತ! ಮಡಿಕೇರಿಗಿಂತ ಮೈಸೂರಲ್ಲಿ ಕೂಲಿ ಕಮ್ಮಿ ಬಿತ್ತು. ಆ ಪ್ರೆಸ್ಸಿನ ಯಜಮಾನ ಮೂಗಲ್ಲೇ ಮಾತಾಡೋನು, "ಕೆಲಸ ನಮ್ದು ಸ್ವಾಮಿ, ಕಾಗದ ನಿಮ್ದು. ಯುದ್ಧದ ಕಾಲ, ಕಾಗದ ನಾನೆಲ್ಲಿಂದ ತರ್ಲಿ?" ಅಂದ. ಆಗ ಎಲ್ಲದಕ್ಕೂ ರೇಷನ್ನು ಗೊತ್ತಾ, ಸೀಮೆಎಣ್ಣೆ, ಸಕ್ಕರೆ, ಬಟ್ಟೆ… ನಿಮ್ಮಮ್ಮ ಆಗ ಚಿಕ್ಕೋಳು, ಅವಳಿಗೊಂದು ಲಂಗ ಹೊಲಿಸಕ್ಕೆ… ಹೋಗ್ಲಿ ಬಿಡಿ, ಅದು ಬೇರೆ ಕಥೆ. ಮಡಿಕೇರೀಲಿ ಒಬ್ಬ ಅಂಗಡಿಯೋನ ಹತ್ರ ಯುದ್ಧಕ್ಕೆ ಮುಂಚಿನ ಕಾಗದ ಇತ್ತು. ಬೆಲೆ ಕೇಳಿ ಸುಮ್ನೆ ಮನೆಗೆ ಬಂದೆ. ನಾನೇನೂ ಕೇಳಿರ್ಲಿಲ್ಲ, ನಿಮ್ಮಜ್ಜೀನೇ ಕೈಗೆ ಸೋಪು ಹಚ್ಚಿ ಬಳೆ ಬಿಚ್ಚಿದ್ಳು. ಅವಳಮ್ಮ ಕೊಟ್ಟಿದ್ದು, ನಿಮ್ಮಮ್ಮನ ಮದುವೆಗೆ ಅಂತ ಇದ್ದಿದ್ದು. "ಪುಸ್ತಕ ಮಾರಿ ಮತ್ತೆ ಮಾಡಿಸಿಕೊಡಿ" ಅಂದ್ಳು, ಅಷ್ಟೇ.

ಬಳೆ ಮಾರಿ ಕಾಗದ ತಗೊಂಡು, ಗಾಡಿ ಕಟ್ಟಿಸ್ಕೊಂಡು ಕುಶಾಲನಗರದ ಸೇತುವೆಗೆ ಬಂದೆ. ಆ ಸೇತುವೆ ನಮ್ಮ ಕಡೆಯೋರು ದಿನಾ ದಾಟೋದೇ ಕಣ್ರೋ. ಹಲಸಿನಹಣ್ಣು ದಾಟ್ತಿತ್ತು, ಕೋಳಿ ದಾಟ್ತಿತ್ತು, ದಿಬ್ಬಣ ದಾಟ್ತಿತ್ತು, ಯಾವನೂ ಏನೂ ಕೇಳ್ತಿರ್ಲಿಲ್ಲ. ಅವತ್ತು ಚೌಕಿಯ ಪೊಲೀಸಿನೋನು ಗಾಡಿ ನಿಲ್ಲಿಸಿ ಕೇಳಿದ.

"ಏನ್ರೀ ಅದು ಗಾಡೀಲಿ?"

"ಕಾಗದ ಸ್ವಾಮಿ. ಪುಸ್ತಕ ಮಾಡಿಸಕ್ಕೆ."

"ಪರ್ಮಿಟ್?"

"ಪರ್ಮಿಟ್ಟಾ? ಇಲ್ಲೇ ಮೈಸೂರಿಗೆ ಸ್ವಾಮಿ!"

"ಇಲ್ಲೇ ಅಂದ್ರೆ? ಈ ಕಡೆ ಇಂಗ್ಲಿಷ್ ಸರ್ಕಾರ, ಆ ಕಡೆ ಮಹಾರಾಜರ ಸೀಮೆ. ಕಾಗದ ಕಂಟ್ರೋಲ್ ಮಾಲು, ಹಂಗೆಲ್ಲ ಬಿಡಕ್ಕಾಗಲ್ಲ."

ಪಾಪ, ಅವನೇನು ಕೆಟ್ಟೋನಲ್ಲ, ಕುಡಿಯಕ್ಕೆ ನೀರೂ ಕೊಟ್ಟ. ನಮಗೆ ಅದು ಬರೀ ಹೊಳೆ. ಹೊಳೆ ಮಧ್ಯೆ ಎರಡು ಸರ್ಕಾರ ಕೂತಿದಾವೆ ಅಂತ ನನ್ನ ತಲೆಗೆ ಬರ್ಲೇ ಇಲ್ಲ. ಎತ್ತಿನ ಹುರುಳಿ ಲೆಕ್ಕ ಹಾಕಿದ್ದೆ, ಇದನ್ನ ಹಾಕಿರ್ಲಿಲ್ಲ.

ಕಾಗದ ಪಕ್ಕದ ಶೆಡ್ಡಲ್ಲಿ ಇಳಿಸಿದ್ರು. ಅರ್ಜಿ ಮಡಿಕೇರಿಗೆ ಹೋಯ್ತು. ಮೈಸೂರಿನೋರು ಒಪ್ಲಿ ಅಂದ್ರು ಇವರು, ಕೊಡಗಿನೋರು ಮೊದಲು ಬರೀಲಿ ಅಂದ್ರು ಅವರು. ಅಷ್ಟರಲ್ಲಿ ಮಳೆ ಹಿಡೀತು. ನಮ್ಮ ಮಳೆ ಗೊತ್ತಲ್ಲ, ಪೆಟ್ಟಿಗೆಯೊಳಗಿನ ಬಟ್ಟೇನೂ ಬಿಡಲ್ಲ. ಆ ಕಡೆ ಪ್ರೆಸ್ಸಿನೋನು ಮೊದಲ ಹಾಳೆಗೆ ಮೊಳೆ ಜೋಡಿಸಿ, ಕಾದು ಕಾದು, ಬೇರೆ ಕೆಲಸಕ್ಕೆ ಬೇಕು ಅಂತ ಬಿಚ್ಚಿಬಿಟ್ಟ. ಮುಂಗಡ ಅವನ ಕೂಲಿಗೇ ಮುರ್ಕೊಂಡ. ತಿದ್ದಕ್ಕೆ ಅಂತ ತೆಗೆದ ಒಂದು ಪ್ರೂಫು ಮಾತ್ರ ಅಂಚೇಲಿ ಕಳಿಸಿದ. ಕೊನೆಗೆ ಆಗಲ್ಲ ಅಂತ ಉತ್ತರ ಬಂದು, ಕಾಗದ ಬಿಡಿಸ್ಕೊಂಡು ಬಂದ್ರೆ, ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿ ಗಟ್ಟಿಯಾಗಿತ್ತು. ಒಲೆಗೆ ಹಾಕಿದ್ರೂ ಹತ್ಲಿಲ್ಲ, ಮನೆಯೆಲ್ಲ ಹೊಗೆ.

ನಿಮ್ಮಜ್ಜಿ ಆ ಪ್ರೂಫು ತೊಡೆ ಮೇಲಿಟ್ಕೊಂಡು ಕೂತ್ಳು. ಅಕ್ಷರದ ಮೇಲೆ ಬೆರಳಾಡಿಸಿ, "ಇದ್ರಲ್ಲಿ ನನ್ನ ಬಳೆ ಎಲ್ಲಿದೆ?" ಅಂದ್ಳು. ತಮಾಷೆಗೇ ಅಂದಿದ್ದು. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ ಕಣ್ರೋ, ನಾಚಿಕೆ ಬಿಟ್ಟು ಅತ್ತೆ. ಆಮೇಲೆ ನಾನು ಹಾಜರಿ ಬಿಟ್ಟು ಬೇರೇನೂ ಬರೀಲಿಲ್ಲ. ಬಳೆಯಂತೂ ಆಗ್ಲೇ ಇಲ್ಲ, ಬಂದ ಸಂಬಳ ಹೊಟ್ಟೆಗೇ ಸರಿಹೋಗ್ತಿತ್ತು. ಧಾರೆ ಹೊತ್ತಿಗೆ ನಿಮ್ಮಮ್ಮನ ಕೈಲಿ ಬರೀ ಗಾಜಿನ ಬಳೆ. ನಿಮ್ಮಜ್ಜಿ ಅವತ್ತೂ ಒಂದು ಮಾತು ಅನ್ಲಿಲ್ಲ. ಅಂದಿದ್ರೆ ಎಷ್ಟೋ ಚೆನ್ನಾಗಿತ್ತು.

ನೀವೂ ಪುಸ್ತಕ ಮಾಡಿಸೋದಾದ್ರೆ ಮಾಡಿಸಿ, ನಾನು ಬೇಡ ಅನ್ನಲ್ಲ. ಮನೆಯೋಳು ಬಳೆ ಬಿಚ್ಚಿ ಕೊಡಕ್ಕೆ ಬಂದ್ಳು ಅನ್ನಿ, ತಿರುಗಿ ಅವಳ ಕೈಗೇ ಹಾಕಿ. ಏಳಿ, ಊಟಕ್ಕೆ ಕರೀತಿದಾರೆ.