ಗೊರಕೆಯ ಲೆಕ್ಕಕ್ಕೆ ಅತ್ತೆಯನ್ನೂ ಸೇರಿಸು

...ಏನಿಲ್ಲ ಪುಟ್ಟಿ, ಕುತ್ತಿಗೆ ಉಳುಕಿದೆ ಅಷ್ಟೆ! ಸೋಫಾದಲ್ಲಿ ಓದ್ತಾ ಓದ್ತಾ ನಿದ್ದೆ ಬಂದ್ಬಿಡ್ತು. ಆ ನೀರು ಇತ್ತ ಕೊಡು, ಬಾಯೆಲ್ಲ ಕಹಿ. ಈಗ ವಿಷಯಕ್ಕೆ ಬಾ. ಗೊರಕೆಗೆ ಔಷಧಿ ಕಂಡುಹಿಡಿದ ಡಾಕ್ಟರು ನಾನು, ಅದರ ಪ್ರಯೋಗದ ಲೆಕ್ಕ ನೋಡೋಳು ನೀನು. ನಾದಿನಿ ಅಂತ ರಿಯಾಯಿತಿ ಕೇಳ್ತಿಲ್ಲ, ನ್ಯಾಯ ಮಾಡು ಸಾಕು. ಇದು ಸೋತರೆ ಜನ್ಮಪೂರ್ತಿ ಹಾಲ್‌ನಲ್ಲೇ ಮಲಗಿ ಅಂತ ನಿಮ್ಮಕ್ಕ ಹೇಳ್ಬಿಟ್ಟಿದ್ದಾಳೆ!

ಗೊತ್ತು, ಗೊತ್ತು! ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧಕ್ಕೆ ಬರೀ ಬಣ್ಣದ ನೀರು. ಯಾರಿಗೆ ಯಾವುದು ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಆ ಗುಟ್ಟು ಒಡೆಯೋ ಮುಂಚೆನೇ ಲೆಕ್ಕದಲ್ಲಿ ಏನೇನು ಸರಿದೂಗಿಸಬೇಕು ಅಂತ ತೀರ್ಮಾನ ಆಗ್ಬೇಕು. ಮೊದಲು ಎಷ್ಟು ಗೊರಕೆ ಹೊಡೀತಿದ್ರು, ವಯಸ್ಸು, ತೂಕ... ಬರ್ಕೊಂಡ್ಯಲ್ಲ? ಇಲ್ಲಾಂದ್ರೆ ದಢೂತಿಗಳೆಲ್ಲ ಒಂದೇ ಕಡೆ ಬಿದ್ದು ಔಷಧಿಗೆ ಕೆಟ್ಟ ಹೆಸರು! ಸರಿ. ಇನ್ನೊಂದೇ ಒಂದು ಸೇರಿಸು. ಅತ್ತೆ.

ಯಾಕೆ ನಗ್ತೀಯ? ಅತ್ತೆ ಮನೇಲಿದ್ದಾರಾ ಇಲ್ವಾ ಅಂತ ಕಣೆ! ಗೊರಕೆಗೆ ಅಂಕ ಹಾಕಿದ್ದು ಹೆಂಡತಿಯರು ತಾನೆ? ತಮ್ಮಮ್ಮ ಪಕ್ಕದ ರೂಮಲ್ಲಿದ್ರೆ ಅವರಿಗೆ ಗಂಡನ ಗೊರಕೆ ಎರಡರಷ್ಟು ಜೋರಾಗಿ ಕೇಳ್ಸುತ್ತೆ. ಪ್ರಯೋಗದ ನಡುವೆ ಬಂದ ಅತ್ತೆ ಲೆಕ್ಕಕ್ಕಿಲ್ಲ, ಒಪ್ದೆ. ಔಷಧಿ ಶುರುವಾಗೋ ಮುಂಚೆನೇ ಬಂದು ಕೂತಿರೋರು ಮಾತ್ರ... ಅಯ್ಯೋ, ನಿಮ್ಮಮ್ಮನ ಸುದ್ದಿ ಅಲ್ಲ! ಹಂಗೇ ಕಿರುಗುಟ್ಟೋ ಮಂಚ. ನಾಯಿ ಕೂಡ. ನಾಯಿ ಗೊರಕೆ ಗಂಡನ ತಲೆಗೆ ಕಟ್ಟಿದ್ರೆ?

ಯಾರಿಗೋಸ್ಕರ ಅಂದ್ರೆ? ವಿಜ್ಞಾನಕ್ಕೋಸ್ಕರ! ಈಗ ನಮ್ಮ ಪಟ್ಟೀಲಿರೋ ಆ ದರ್ಜಿನೇ ತಗೋ. ಅತ್ತೆ, ಮಂಚ, ನಾಯಿ, ಮೂರೂ ಇವೆ. ಪಾಪ, ನಿಜವಾದ ಔಷಧಿ ಕುಡಿದೂ ಸೂರು ಹಾರೋ ಹಾಗೆ ಗೊರಕೆ...

ಯಾಕೆ ಪೆನ್ನು ಕೆಳಗಿಟ್ಟೆ?

ಊಹೆ ಪುಟ್ಟಿ, ಊಹೆ! ಅವನ ಮುಖ ನೋಡಿದ್ರೇ... ಹಂಗೆ ನೋಡ್ಬೇಡ ಮಾರಾಯ್ತಿ, ಥೇಟ್ ನಿಮ್ಮಕ್ಕನ ಹಾಗೇ ನೋಡ್ತೀಯ. ಸರಿ... ಅವರೆಲ್ಲ ವಾಪಸ್ ಕೊಟ್ಟ ಸೀಸೆಗಳಿದ್ವಲ್ಲ, ನಿನ್ನೆ ಒಂಚೂರು... ರುಚಿ ನೋಡ್ದೆ. ಬಣ್ಣದ ನೀರಿಗೂ ಕಹಿ ಬೆರೆಸಿದ್ವಿ, ನಿಜ. ಆದ್ರೆ ಕಲಸಿದವನ ನಾಲಿಗೆಗೆ ಗೊತ್ತಾಗಲ್ವಾ! ಹೂಂ, ಎಲ್ಲ ಸೀಸೆನೂ. ಅನುಮಾನ ಬಂದಿದ್ದನ್ನ ಇನ್ನೊಂದು ಸಲ. ತಪ್ಪೇ, ಒಪ್ಕೋತೀನಿ! ನಂಗೆ ಭಯ ಆಯ್ತು ಕಣೆ...

ಬಯ್ಯಿ ಬೇಕಾದ್ರೆ. ಯಾಕೆ ನನ್ನ ಕುತ್ತಿಗೆ ನೋಡ್ತೀಯ?

...ಹೌದು. ಅಷ್ಟೂ ಜನರ ಔಷಧಿ ಒಬ್ಬನ ಹೊಟ್ಟೇಲಿತ್ತು, ನಿನ್ನೆ ರಾತ್ರಿ.

ಆದ್ರೂ ನಡುರಾತ್ರಿ ಮೊದಲು ದಿಂಬು ಬಂತು ಹಾಲ್‌ಗೆ. ಹಿಂದೇನೇ ನಾನು.