ಲೇತಿನ ಕಾಲೊಳಗಿದ್ದ ಗಾಲಿ

ಸಭೆಯ ಅಧ್ಯಕ್ಷರೂ ಅಕ್ಕಿ ಗಿರಣಿಯ ಮಾಲೀಕರೂ ಆದ ಶ್ರೀಮಾನ್ ವಿರೂಪಾಕ್ಷಪ್ಪನವರೇ, ಚನ್ನಗಿರಿಯಿಂದ ದಯಮಾಡಿಸಿರುವ ಅತಿಥಿಗಳೇ, ಹೊನ್ನಾಳಿಯ ಮಹನೀಯರೇ, ಕೂರಲು ಹೇಳಿದರೂ ಹಿಂದಿನ ಬಾಗಿಲ ಹತ್ತಿರ ನಿಂತೇ ಇರುವ ದುರುಗಕ್ಕನವರೇ, ಸಭಿಕರೇ,

ಕಬ್ಬಿಣ ಕಡೆಯುವ ಈ ಹಳೆಯ ಲೇತಿಗೆ ಜೀವ ಕೊಟ್ಟನೆಂದು ಈ ಗೋಣೆಪ್ಪನಿಗೆ ಶಾಲು ಹೊದಿಸಿದ್ದೀರಿ. ಎರಡು ಮಾತು ಆಡು ಎಂದಿದ್ದೀರಿ. ಮನೆಯಲ್ಲಿ ನನಗೆ ಅಷ್ಟೂ ಅವಕಾಶವಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚೇ ಆಡುತ್ತೇನೆ.

ಇದು ಯುದ್ಧದ ಕಾಲ. ಹೊಸ ಲೇತು ಎಲ್ಲಿಂದ ಬರಬೇಕು? ಅಧ್ಯಕ್ಷರು ದಾವಣಗೆರೆಯ ಗುಜರಿಯಿಂದ ಇದನ್ನು ತರಿಸಿದರು. ಮೈತುಂಬ ಹಸಿರು ಬಣ್ಣ, ಕಂಪನಿಯ ಹೆಸರಿನ ತಗಡೂ ಇಲ್ಲ. ಒಬ್ಬರು ಜರ್ಮನಿಯದು ಎಂದಿರಿ, ಒಬ್ಬರು ಇಂಗ್ಲೆಂಡಿನದು ಎಂದಿರಿ. ನನಗೆ ಕೈಯಿಟ್ಟಾಗಲೇ ಅನುಮಾನ. ಬಣ್ಣ ಹೆರೆದೆ. ಕೆಳಗೆ ಕುಂಕುಮದ ಕರೆ, ಅದರ ಪಕ್ಕ ಸಾಲಾಗಿ ಏಳು ಚುಕ್ಕಿ. ಸ್ವಾಮಿ, ಇದು ನೀವೇ ಗುಜರಿಗೆ ಮಾರಿದ್ದ ನಿಮ್ಮ ಗಿರಣಿಯ ಲೇತು! ಆ ಚುಕ್ಕಿ ಹೊಡೆದವನು ನ್ಯಾಮತಿಯ ಜಂಪಣ್ಣ, ನನಗೆ ಕೆಲಸ ಕಲಿಸಿದವನು. ಆಯುಧಪೂಜೆಗೊಂದು ಚುಕ್ಕಿ ಹೊಡೆಯುತ್ತಿದ್ದ. ಎಂಟನೆಯದಕ್ಕೆ ನೀವು ಬಿಡಲಿಲ್ಲ.

ನೆನಪಿದೆಯೇ, ಅಧ್ಯಕ್ಷರೇ? ಮೂವತ್ತಾರನೆಯ ಇಸವಿ. ತಿರುಪು ಕೊರೆಯಲು ಬೇಕಾದ ಹಲ್ಲಿನ ಗಾಲಿ ಕಾಣೆಯಾಯಿತು. ಹುಡುಕಿಸಿದಿರಾ? ಲೇತನ್ನು ಒಮ್ಮೆ ಅಲುಗಾಡಿಸಿ ನೋಡಿದಿರಾ? ಇಲ್ಲ. ಗಿರಣಿಯ ಅಂಗಳದಲ್ಲಿ, ಭತ್ತ ತಂದ ಅಷ್ಟು ಜನರ ಮುಂದೆ ಜಂಪಣ್ಣನನ್ನು ಕಳ್ಳ ಎಂದಿರಿ. ಆಮೇಲೆ ಹೊನ್ನಾಳಿಯಲ್ಲಾಗಲಿ ನ್ಯಾಮತಿಯಲ್ಲಾಗಲಿ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ಕೂದಲೆಳೆಯಷ್ಟು ಅಳತೆ ತಪ್ಪದ ಕೈ ಅದು, ಜಗಳೂರಿನ ರಸ್ತೆಗೆ ಜಲ್ಲಿ ಒಡೆಯಿತು. ಅಲ್ಲೇ ಜ್ವರ ಬಂದು ಸತ್ತ.

ಸಾಕ್ಷಿ ಯಾರು ಹೇಳಿದರು ಎನ್ನುತ್ತೀರಾ? ಒಬ್ಬನಿದ್ದ. “ಸಂಜೆ ಹೋಗುವಾಗ ಅವನ ಚೀಲ ಭಾರ ಇತ್ರೀ” ಎಂದ. ಅಷ್ಟೇ ಎಂದ. ಭಾರವಿದ್ದದ್ದು ನಿಜ, ಮನೆಗೆ ಒಯ್ಯುತ್ತಿದ್ದ ಜೋಳ ಅದು. ಜೋಳ ತುಂಬಿಕೊಂಡದ್ದನ್ನೂ ಅವನು ಕಂಡಿದ್ದ. ಅದನ್ನು ಮಾತ್ರ ಹೇಳಲಿಲ್ಲ. ಮರುದಿನದಿಂದ ಜಂಪಣ್ಣನ ಜಾಗದಲ್ಲಿ ನಿಂತವನು ಅವನೇ. ಅವನು ಅವನು ಎಂದು ಎಷ್ಟು ಹೊತ್ತು ಹೇಳಲಿ? ನಾನೇ.

ಹೋದ ತಿಂಗಳು ಲೇತನ್ನು ಮಗುಚಿ ಸೀಮೆಎಣ್ಣೆಯಲ್ಲಿ ತೊಳೆಯುವಾಗ ಅದರ ಟೊಳ್ಳು ಕಾಲಿನೊಳಗಿಂದ, ಜಿಡ್ಡಿನ ಮುದ್ದೆಯ ಜೊತೆಗೆ, ಗಾಲಿ ಬಿತ್ತು. ಎಂಟು ವರ್ಷ ಅಲ್ಲೇ ಇತ್ತು. ಜಂಪಣ್ಣನ ಹೆಂಡತಿ ದುರುಗಕ್ಕನ ಮನೆಗೆ ಓಡಿದೆ, ಕಾಲು ಹಿಡಿದೆ. ಆಕೆ ಅಂದಳು: “ನನಗ್ಯಾಕೆ ಹೇಳ್ತೀಯಪ್ಪಾ, ನನಗೆ ಆವತ್ತೇ ಗೊತ್ತಿತ್ತು. ಕಳ್ಳ ಅಂತ ಕೇಳಿಸ್ಕೊಂಡೋರು ಅದಾರಲ್ಲ, ಅವರಿಗೆ ಹೇಳಾಕೆ ಹೋಗು.”

ಬಂದಿದ್ದೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದರೆ ಹೋಗಲಿ. ಜಂಪಣ್ಣ ಕಳ್ಳನಲ್ಲ. ಗಾಲಿ ಇಗೋ, ಮೇಜಿನ ಮೇಲಿಟ್ಟಿದ್ದೇನೆ. ಅಧ್ಯಕ್ಷರು ಎದ್ದು, ಅಂದು ಅಂಗಳದಲ್ಲಿ ಕೂಗಿದಷ್ಟೇ ಗಟ್ಟಿಯಾಗಿ, ಇದೇ ಮಾತನ್ನು ಹೇಳಬೇಕು. ಹೇಳಿದರೆ ಗಾಲಿ ಜೋಡಿಸುತ್ತೇನೆ, ಲೇತು ತಿರುಪನ್ನೂ ಕೊರೆಯುತ್ತದೆ. ಇಲ್ಲವೆಂದರೆ ಬೇರೆಯವರನ್ನು ನೋಡಿಕೊಳ್ಳಿ.

ಶಾಲನ್ನೂ ಇಲ್ಲೇ ಮಡಚಿಟ್ಟಿದ್ದೇನೆ. ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ ಮಾತ್ರ ವೇದಿಕೆಗಲ್ಲ.

ದುರುಗಕ್ಕಾ, ನಮಸ್ಕಾರ. ಈಗಲಾದರೂ ಕೂತುಕೋ.